ಅಳೆದು ಸುರಿದು: ಪುಟ್ಟ ಅಡುಗೆಮನೆಗೆ ಎಷ್ಟಗಲದ ಡ್ರಾಯರ್?



ಕೆಲವು ವಿಷಯಗಳು ರೇಡಿಯೋಗೆ ಒಗ್ಗುವುದಿಲ್ಲ. ಹಾಡಿನ ಬಗ್ಗೆ, ಹಬ್ಬದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಹುದು. ಆದರೆ "ಆರುನೂರರಿಂದ ಮೂವತ್ತಾರು ಕಳೆಯಿರಿ, ಉಳಿದದ್ದರಿಂದ ಇಪ್ಪತ್ತಾರು ಕಳೆಯಿರಿ" ಎಂದು ನಾನು ಮೈಕಿನ ಮುಂದೆ ಶುರು ಮಾಡಿದರೆ ನೀವು ತಕ್ಷಣ ಬೇರೆ ಸ್ಟೇಷನ್ ಹುಡುಕುತ್ತೀರಿ. ಅದಕ್ಕೇ ಈ ಮಾತು ಗಾಳಿಯಲ್ಲಿ ಬೇಡ, ಕಾಗದದ ಮೇಲೆ ಇರಲಿ ಎಂದುಕೊಂಡೆ. ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಂಡು ಓದಿ. ಮನೆ ಕೆಲಸ ಮಾಡಿಸುವ ಯೋಚನೆ ಈಗಿಲ್ಲದಿದ್ದರೆ ಕತ್ತರಿಸಿ ಎತ್ತಿಡಿ. ಯಾವತ್ತಾದರೂ ಬೇಕಾದೀತು.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಊರು ಯಾವುದಾದರೂ ಆಗಲಿ, ನಮ್ಮಲ್ಲಿ ಹೆಚ್ಚಿನವರ ಅಡುಗೆಮನೆ ಊರಿನ ಮನೆಯ ದೇವರ ಕೋಣೆಯಷ್ಟು ದೊಡ್ಡದು. ಅದರೊಳಗೆ ದೋಸೆ ಕಾವಲಿ ಇರಬೇಕು, ಇಡ್ಲಿ ಪಾತ್ರೆ ಇರಬೇಕು, ಪಡ್ಡಿನ ಹಂಚು, ರೊಟ್ಟಿ ಹಂಚು, ಚಕ್ಕುಲಿ ಒರಳು, ಊರಿನಿಂದ ಬಂದ ಹಪ್ಪಳದ ಡಬ್ಬ ಎಲ್ಲವೂ ಇರಬೇಕು. ಅಡುಗೆಮನೆ ಒಮ್ಮೆ ಮಾಡಿಸಿದರೆ ಹತ್ತು ಹದಿನೈದು ವರ್ಷ ಮತ್ತೆ ಕೈ ಹಾಕುವುದಿಲ್ಲ. ಆದರೂ ಬಹಳ ಮನೆಗಳಲ್ಲಿ ಆಗುವುದೇನು? ಲ್ಯಾಮಿನೇಟಿನ ಬಣ್ಣ ಆರಿಸಲು ಎರಡು ಭಾನುವಾರ ಅಂಗಡಿ ಸುತ್ತುತ್ತೇವೆ. ಡ್ರಾಯರಿನ ಅಗಲವನ್ನು ಮಾತ್ರ ಬಡಗಿಯೋ ಕಂಟ್ರಾಕ್ಟರನೋ ಹತ್ತು ನಿಮಿಷದಲ್ಲಿ ಗೋಡೆಯ ಮೇಲೆ ಗೆರೆ ಎಳೆದು ತೀರ್ಮಾನ ಮಾಡಿಬಿಡುತ್ತಾನೆ. ಆ ಹೊತ್ತಿನಲ್ಲಿ ದಿನಾ ಆ ಡ್ರಾಯರ್ ಎಳೆಯುವವರು ಪಕ್ಕದಲ್ಲಿ ಇರುವುದೂ ಇಲ್ಲ. ಬಣ್ಣ ಒಂದು ವರ್ಷದಲ್ಲಿ ಕಣ್ಣಿಗೆ ರೂಢಿಯಾಗುತ್ತದೆ. ತಟ್ಟೆ ಹಿಡಿಸದ ಡ್ರಾಯರ್ ಮಾತ್ರ ದಿನಕ್ಕೆ ಮೂರು ಸಲ ನೆನಪಿಸುತ್ತದೆ.

ಒಂದು ಡ್ರಾಯರಿಗೆ ಮೂರು ಅಗಲ

ಮೊದಲು ತಿಳಿಯಬೇಕಾದ್ದು ಇದು. "ಎರಡು ಅಡಿ ಡ್ರಾಯರ್" ಎಂದು ಬಡಗಿ ಹೇಳಿದರೆ ನಿಮ್ಮ ಪಾತ್ರೆಗೆ ಎರಡು ಅಡಿ ಸಿಗುತ್ತದೆ ಎಂದು ಅರ್ಥವಲ್ಲ. ಪ್ರತಿ ಡ್ರಾಯರಿಗೂ ಮೂರು ಅಗಲಗಳಿವೆ: ಕ್ಯಾಬಿನೆಟ್ಟಿನ ಹೊರ ಅಗಲ, ಕ್ಯಾಬಿನೆಟ್ಟಿನ ಒಳ ಅಗಲ, ಮತ್ತು ಪಾತ್ರೆ ಕೂರುವ ಬಳಕೆಯ ಅಗಲ. ಹಣ ಕೊಡುವುದು ಮೊದಲನೆಯದಕ್ಕೆ, ಬಾಳುವುದು ಮೂರನೆಯದರ ಜೊತೆ.

ಲೆಕ್ಕ ಹೀಗೆ. ಕ್ಯಾಬಿನೆಟ್ಟಿನ ಎರಡು ಬದಿಗೆ ಸಾಮಾನ್ಯವಾಗಿ 18 ಮಿ.ಮೀ. ಪ್ಲೈವುಡ್ ಹಾಕುತ್ತಾರೆ. ಅಲ್ಲಿಗೆ 36 ಮಿ.ಮೀ. ಹೋಯಿತು. ಡ್ರಾಯರ್ ಜಾರಲು ಬೇಕಾದ ಬಾಲ್ ಬೇರಿಂಗ್ ಚಾನೆಲ್ ಒಂದೊಂದು ಬದಿಗೆ ಅರ್ಧ ಇಂಚು ತಿನ್ನುತ್ತದೆ. ಎರಡೂ ಸೇರಿ 26 ಮಿ.ಮೀ. ಎಂದಿಟ್ಟುಕೊಳ್ಳಿ. ಡ್ರಾಯರಿನ ಸ್ವಂತ ಗೋಡೆಗಳು 12 ಮಿ.ಮೀ. ಪ್ಲೈವುಡ್ಡಿನವಾದರೆ ಇನ್ನೊಂದು 24. ಒಟ್ಟು 86 ಮಿ.ಮೀ., ಅಂದರೆ ಹತ್ತಿರ ಹತ್ತಿರ ಮೂರೂವರೆ ಇಂಚು. ಬಡಗಿ ಡ್ರಾಯರಿನ ಗೋಡೆಗೂ 18 ಮಿ.ಮೀ. ಪ್ಲೈವುಡ್ ಹಾಕಿದನೆಂದರೆ ಇನ್ನೂ 12 ಕಳೆಯಿರಿ.

ಈ ಮೂರೂವರೆ ಇಂಚಿನ ವಿಶೇಷ ಏನೆಂದರೆ, ಡ್ರಾಯರ್ ಎಷ್ಟೇ ಅಗಲವಿರಲಿ, ನಷ್ಟ ಅಷ್ಟೇ. ಹಾಗಾಗಿ ಸಣ್ಣ ಡ್ರಾಯರಿಗೆ ಅದು ದೊಡ್ಡ ಏಟು, ದೊಡ್ಡ ಡ್ರಾಯರಿಗೆ ಸಣ್ಣ ಗೀರು. ನೋಡಿ:

300 ಮಿ.ಮೀ. ಕ್ಯಾಬಿನೆಟ್ಟಿನಲ್ಲಿ ಬಳಕೆಗೆ ಸಿಗುವುದು 214.
450ರಲ್ಲಿ 364.
600ರಲ್ಲಿ 514.
900ರಲ್ಲಿ 814.

ಮೊದಲನೆಯದರಲ್ಲಿ ನಿಮ್ಮ ಜಾಗದ ಶೇಕಡಾ 29ರಷ್ಟು ಮರಕ್ಕೂ ಕಬ್ಬಿಣಕ್ಕೂ ಹೋಯಿತು. ಕೊನೆಯದರಲ್ಲಿ ಶೇಕಡಾ 10ಕ್ಕೂ ಕಡಿಮೆ.

ಈಗ ಇದನ್ನೇ ಒಂದು ಗೋಡೆಗೆ ಹಚ್ಚಿ ನೋಡೋಣ. ನಿಮ್ಮಲ್ಲಿ ಡ್ರಾಯರಿಗಾಗಿ 1800 ಮಿ.ಮೀ., ಅಂದರೆ ಸುಮಾರು ಆರಡಿ ಜಾಗ ಇದೆ ಎನ್ನಿ. 300ರ ಆರು ಸಾಲು ಮಾಡಿಸಿದರೆ ಬಳಕೆಗೆ 1284 ಸಿಗುತ್ತದೆ. 450ರ ನಾಲ್ಕು ಮಾಡಿಸಿದರೆ 1456. 600ರ ಮೂರು ಮಾಡಿಸಿದರೆ 1542. 900ರ ಎರಡೇ ಮಾಡಿಸಿದರೆ 1628. ಒಂದೇ ಗೋಡೆ, ಒಂದೇ ಕಟ್ಟೆ, ಆದರೂ ಮೊದಲನೆಯದಕ್ಕೂ ಕೊನೆಯದಕ್ಕೂ 344 ಮಿ.ಮೀ. ವ್ಯತ್ಯಾಸ. ಒಂದು ಅಡಿಗಿಂತ ಹೆಚ್ಚು! ಚದರಡಿ ಲೆಕ್ಕದಲ್ಲಿ ಮನೆ ಕೊಳ್ಳುವ ಊರಿನಲ್ಲಿ ಒಂದಡಿಯ ಬೆಲೆ ನಿಮಗೆ ಹೇಳಬೇಕಾಗಿಲ್ಲ.

ಖರ್ಚಿಗೂ ಇದೇ ಲೆಕ್ಕ. ಡ್ರಾಯರ್ ಕಿರಿದಾದರೂ ಅದಕ್ಕೊಂದು ಜೊತೆ ಚಾನೆಲ್ ಬೇಕು, ಹಿಡಿ ಬೇಕು, ಜೋಡಿಸುವ ಕೂಲಿ ಬೇಕು. ಒಂದು ಸಾಲಿಗೆ ಮೂರು ಡ್ರಾಯರಿನಂತೆ ಆರು ಸಾಲಾದರೆ 18 ಜೊತೆ ಚಾನೆಲ್. ಎರಡೇ ಸಾಲಾದರೆ 6 ಜೊತೆ. ಉಳಿದ ಹಣದಲ್ಲಿ ಒಳ್ಳೆಯ ಜಾತಿಯ ಚಾನೆಲ್ ಹಾಕಿಸಬಹುದು.

ಜಾಲರಿ ಬುಟ್ಟಿಯ ಲೆಕ್ಕ ಬೇರೆ

ಮುಂಬೈ, ಪುಣೆ ಕಡೆ "ಟ್ರಾಲಿ" ಎಂದರೆ ಬಹಳ ಸಲ ಸ್ಟೀಲ್ ಸರಿಗೆಯ ಬುಟ್ಟಿ. ಇವು ಸಾಮಾನ್ಯವಾಗಿ 15, 17, 19, 21 ಇಂಚು ಅಗಲದಲ್ಲಿ, 20 ಇಂಚು ಉದ್ದದಲ್ಲಿ, 4, 6, 8 ಇಂಚು ಎತ್ತರದಲ್ಲಿ ತಯಾರಾಗಿಯೇ ಸಿಗುತ್ತವೆ. ಚಾನೆಲ್ಲಿಗೆ ಎರಡೂ ಬದಿ ಅರ್ಧರ್ಧ ಇಂಚು ಸೇರಿಸಿದರೆ ಬುಟ್ಟಿ ಕೂರುವ ಖಾಲಿ ಜಾಗ 16, 18, 20, 22 ಇಂಚು ಇರಬೇಕು. ಸರಿಗೆ ತೆಳುವಾದ್ದರಿಂದ ಮರದ ಡ್ರಾಯರಿಗಿಂತ ಸುಮಾರು ಒಂದಿಂಚು ಹೆಚ್ಚು ಜಾಗ ಸಿಗುತ್ತದೆ, ಗಾಳಿಯೂ ಆಡುತ್ತದೆ. ಆದರೆ ಇಲ್ಲಿ ಅಗಲ ನೀವು ಹೇಳಿದಂತೆ ಬರುವುದಿಲ್ಲ, ಅಂಗಡಿಯಲ್ಲಿ ಇದ್ದಂತೆ ನೀವು ಹೊಂದಿಕೊಳ್ಳಬೇಕು. ನಿಮ್ಮ ಖಾಲಿ ಜಾಗ 19 ಇಂಚು ಆಗಿಬಿಟ್ಟರೆ 17ರ ಬುಟ್ಟಿಯೇ ಗತಿ. ಒಂದಿಂಚು ಸುಮ್ಮನೆ ಮರದ ಪಟ್ಟಿಯ ಪಾಲು.

ಇದು ಯಾಕೆ ಮುಖ್ಯ ಎಂದರೆ, ಹಳೆಯ ಕಟ್ಟಡಗಳಲ್ಲಿ ಅಡುಗೆ ಕಟ್ಟೆಯನ್ನು ಹೊತ್ತು ನಿಂತಿರುವುದು ನೇರ ನಿಲ್ಲಿಸಿದ ಕಡಪ ಕಲ್ಲಿನ ಹಲಗೆಗಳು. ಮುಂಬೈಯವರ 'ಓಟಾ', ಚೆನ್ನೈಯವರ 'ಮೇಡೈ', ಹೈದರಾಬಾದಿನವರ 'ಗಟ್ಟು', ಹೆಸರು ಬೇರೆ, ಕಟ್ಟುವ ಕ್ರಮ ಬಹುಮಟ್ಟಿಗೆ ಒಂದೇ. ಆ ಎರಡು ಕಲ್ಲುಗಳ ನಡುವಿನ ಅಂತರವೇ ನಿಮ್ಮ ಡ್ರಾಯರಿನ ಅಗಲವನ್ನು ನಿರ್ಧರಿಸಿಬಿಟ್ಟಿರುತ್ತದೆ. ಹೊಸದಾಗಿ ಕಟ್ಟೆ ಕಟ್ಟಿಸುವವರು ಕಲ್ಲು ಕತ್ತರಿಸುವ ಮುಂಚೆಯೇ ಬುಟ್ಟಿಯ ಅಳತೆ ನೋಡಿಕೊಂಡು ಕಲ್ಲಿನ ಜಾಗ ಗುರುತಿಸಬೇಕು. ಇದ್ದ ಕಟ್ಟೆಗೇ ಟ್ರಾಲಿ ಹಾಕಿಸುವವರು ಪ್ರತಿ ಅಂಕಣವನ್ನೂ ಮುಂದೆ, ನಡುವೆ, ಹಿಂದೆ ಹೀಗೆ ಮೂರು ಕಡೆ, ಮೇಲೊಮ್ಮೆ ಕೆಳಗೊಮ್ಮೆ ಅಳೆಯಬೇಕು. ಕಲ್ಲು ಎಲ್ಲ ಕಡೆ ನೇರವಾಗಿ ನಿಂತಿರುವುದು ಅಪರೂಪ. ಸಿಕ್ಕ ಅಳತೆಗಳಲ್ಲಿ ಅತಿ ಕಡಿಮೆ ಯಾವುದೋ ಅದೇ ನಿಮ್ಮ ನಿಜವಾದ ಅಗಲ.

ಪಾತ್ರೆಯನ್ನೇ ಕೇಳಿ ನೋಡಿ

ಹಾಗಾದರೆ ದೊಡ್ಡ ಡ್ರಾಯರೇ ಒಳ್ಳೆಯದು ಎಂದು ಎಲ್ಲವನ್ನೂ 900 ಮಾಡಿಸಿಬಿಡಬೇಕೇ? ಸ್ವಲ್ಪ ತಡೆಯಿರಿ. ಅಗಲವನ್ನು ಗೋಡೆ ಒಂದು ಕಡೆಯಿಂದ ಹೇಳಿದರೆ ಪಾತ್ರೆ ಇನ್ನೊಂದು ಕಡೆಯಿಂದ ಹೇಳುತ್ತದೆ.

ನಮ್ಮ ಊಟದ ಸ್ಟೀಲ್ ತಟ್ಟೆಯನ್ನೇ ತೆಗೆದುಕೊಳ್ಳಿ. ಅಡ್ಡಳತೆ ಸುಮಾರು 28 ಸೆಂ.ಮೀ. ಇರುತ್ತದೆ. 300ರ ಕ್ಯಾಬಿನೆಟ್ಟಿನಲ್ಲಿ ಸಿಗುವುದು 21 ಸೆಂ.ಮೀ. ಮಾತ್ರ. ತಟ್ಟೆ ಮಲಗುವುದೇ ಇಲ್ಲ. 400ರಲ್ಲಿ ಒಂದು ಅಡಕಲು ಸರಿಯಾಗಿ ಕೂರುತ್ತದೆ. 500ರಲ್ಲಿ ಒಂದು ಅಡಕಲು ತಟ್ಟೆ, ಪಕ್ಕದಲ್ಲಿ ಒಂದು ಸಾಲು ಲೋಟ. 600ರಲ್ಲಿ ಒಂದು ಅಡಕಲು ಊಟದ ತಟ್ಟೆ, ಪಕ್ಕಕ್ಕೆ ಒಂದು ಅಡಕಲು ತಿಂಡಿ ತಟ್ಟೆ. ಈಗ ನೋಡಿ ಸ್ವಾರಸ್ಯ: 650 ಮಾಡಿಸಿದರೆ ಬಳಕೆಯ ಅಗಲ 564 ಆಗುತ್ತದೆ. ಎರಡು ಅಡಕಲು ಊಟದ ತಟ್ಟೆ ಪಕ್ಕಪಕ್ಕ ಕೂರುತ್ತವೆ. ಎರಡಿಂಚು ಹೆಚ್ಚಿಸಿದ್ದಕ್ಕೆ ತಟ್ಟೆಗಳ ಸಂಖ್ಯೆ ಇಮ್ಮಡಿ! ಆದರೆ ನಿಮ್ಮ ತಟ್ಟೆ 30 ಸೆಂ.ಮೀ. ಇದ್ದರೆ ಅದೇ 650 ವ್ಯರ್ಥ. ಆಗ 700 ಬೇಕು. ಅಗಲ ಆರಿಸುವಾಗ "ದೊಡ್ಡದೋ ಸಣ್ಣದೋ" ಎಂದು ಯೋಚಿಸುವುದಕ್ಕಿಂತ "ಎಷ್ಟು ಪಾತ್ರೆ ಪಕ್ಕಪಕ್ಕ" ಎಂದು ಯೋಚಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಇದಕ್ಕೊಂದು ಸುಲಭ ಉಪಾಯ ಇದೆ. ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಡ್ರಾಯರಿನ ಒಳ ಅಳತೆಯ ಚೌಕ ಬರೆಯಿರಿ. ಅಗಲ 364, 514, 564, 814 ಹೀಗೆ ನಾಲ್ಕು ಚೌಕ. ಉದ್ದ ಎಲ್ಲಕ್ಕೂ 476 ಇರಲಿ, ಯಾಕೆಂದರೆ 500 ಮಿ.ಮೀ. ಚಾನೆಲ್ಲಿನ ಡ್ರಾಯರಿನಲ್ಲಿ ಮುಂದಿನ ಹಿಂದಿನ ಗೋಡೆ ಕಳೆದರೆ ಉಳಿಯುವುದು ಅಷ್ಟೇ. ರಂಗೋಲಿ ಹಾಕಿ ಅಭ್ಯಾಸ ಇರುವ ಕೈಗೆ ಇದೇನು ಕಷ್ಟ? ಈಗ ನಿಮ್ಮ ಪಾತ್ರೆಗಳನ್ನು ತಂದು ಚೌಕದೊಳಗೆ ಜೋಡಿಸಿ. ಕುಕ್ಕರನ್ನು ಹಿಡಿ ಸಮೇತ ಇಡಿ. ಹಿಡಿ ಅಡ್ಡಕ್ಕೆ ಬಂದರೆ ಪೂರ್ತಿ ಡ್ರಾಯರ್ ತಿನ್ನುತ್ತದೆ, ಉದ್ದಕ್ಕೆ ತಿರುಗಿಸಿದರೆ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಡುತ್ತದೆ. ದೋಸೆ ಕಾವಲಿಯೂ ಹಾಗೆಯೇ. ಚಪಾತಿ ಮಣೆ, ಲಟ್ಟಣಿಗೆ, ಸೌಟು, ಜಾಲರಿ ಸೌಟು ಇವು ಮೇಲಿನ ನಾಲ್ಕಿಂಚಿನ ಡ್ರಾಯರಿಗೆ. ತೆಂಗಿನಕಾಯಿ ತುರಿಯುವ ಮಣೆಯನ್ನು ಮಾತ್ರ ಡ್ರಾಯರಿನ ಲೆಕ್ಕಕ್ಕೆ ತರಬೇಡಿ. ಅದು ಯಾವ ಡ್ರಾಯರಿಗೂ ಬಗ್ಗುವ ಜಾತಿಯಲ್ಲ, ಸಿಂಕಿನ ಕೆಳಗೆ ಬಾಗಿಲಿನ ಕಪಾಟಿನಲ್ಲಿ ಇರಲಿ.

ಒಂದು ಗಂಟೆಯ ಕೆಲಸ. ಮುಗಿದ ಮೇಲೆ ಎರಡು ಸಂಗತಿ ತಿಳಿಯುತ್ತದೆ: ನಿಮಗೆ ಯಾವ ಅಗಲ ಬೇಕು ಎನ್ನುವುದು ಒಂದು. ಐದು ವರ್ಷದಿಂದ ಮುಟ್ಟದ ಪಾತ್ರೆ ಎಷ್ಟಿವೆ ಎನ್ನುವುದು ಇನ್ನೊಂದು.

ಭಾರದ ಮಾತು

ಅಗಲವಾದ ಡ್ರಾಯರಿನ ಶತ್ರು ಭಾರ. ಜಾಗ ಇದ್ದರೆ ತುಂಬಿಸುವುದು ಮನುಷ್ಯನ ಗುಣ. 900ರ ಡ್ರಾಯರ್ ಎಂಟಿಂಚು ಎತ್ತರ ಇದ್ದರೆ ಅದರೊಳಗೆ ಸುಮಾರು 75 ಲೀಟರಿನಷ್ಟು ಜಾಗ ಇರುತ್ತದೆ. ಅಕ್ಕಿ ಲೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ. ಅಕ್ಕಿ, ಬೇಳೆ, ಹಿಟ್ಟು ಅಂತ ಪೂರ್ತಿ ತುಂಬಿಸಿದಿರಿ ಎಂದರೆ 60 ಕಿಲೋ! ಸಾಮಾನ್ಯ 45 ಮಿ.ಮೀ. ಎತ್ತರದ ಚಾನೆಲ್ ಜೊತೆ ಹೊರುವುದು 35ರಿಂದ 45 ಕಿಲೋ ಮಾತ್ರ. ಮೊದಲ ವರ್ಷ ಏನೂ ಗೊತ್ತಾಗುವುದಿಲ್ಲ. ಎರಡನೇ ವರ್ಷ ಎಳೆದಾಗ ಮೂಗು ಕೆಳಗೆ ಬಾಗುತ್ತದೆ. ಆಮೇಲೆ ಒಂದು ದಿನ ಗೋಲಿಗಳು ಕಳಚಿ ನೆಲಕ್ಕೆ ಉದುರುತ್ತವೆ.

ಆದ್ದರಿಂದ ದವಸ ಧಾನ್ಯ, ಹಿಟ್ಟು, ಎಣ್ಣೆ ಕ್ಯಾನು ಇಂಥ ಭಾರದ ಸಾಮಾನಿಗೆ 450 ಸಾಕು. ಪೂರ್ತಿ ತುಂಬಿದರೂ 28 ಕಿಲೋ ದಾಟುವುದಿಲ್ಲ. 600 ಅಂಚಿನಲ್ಲಿದೆ, ತುಂಬಿದರೆ 39 ಕಿಲೋ. ಅಗಲದ ಡ್ರಾಯರ್ ಹಗುರವೂ ದೊಡ್ಡದೂ ಆದ ವಸ್ತುಗಳಿಗೆ ಇರಲಿ: ಬಾಣಲೆ, ಇಡ್ಲಿ ಪಾತ್ರೆ, ತಟ್ಟೆ, ಡಬ್ಬಿ, ಪಾತ್ರೆಯ ಮುಚ್ಚಳ. ತಳಕ್ಕೆ ತೆಳುವಾದ 6 ಮಿ.ಮೀ. ಪ್ಲೈವುಡ್ ಹಾಕಲು ಬಿಡಬೇಡಿ. 900ರ ಅಗಲಕ್ಕೆ ಅದು ನಡುವೆ ಜೋತುಬೀಳುತ್ತದೆ. 12 ಮಿ.ಮೀ. ಇರಲಿ. ಭಾರ ಹೆಚ್ಚಿಡುವುದೇ ಆದರೆ ಹೆಚ್ಚು ತೂಕ ಹೊರುವ ಚಾನೆಲ್ ಕೇಳಿ ಹಾಕಿಸಿ. ಎಷ್ಟು ಕಿಲೋ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ.

ಇನ್ನೊಂದು ತೊಂದರೆ ಉಂಟು. ಡ್ರಾಯರಿನ ಅಗಲ ಅದರ ಉದ್ದಕ್ಕಿಂತ ಬಹಳ ಹೆಚ್ಚಾದಾಗ ಒಂದು ಮೂಲೆ ಹಿಡಿದು ಎಳೆದರೆ ಅದು ಸೊಟ್ಟಗೆ ಬರುತ್ತದೆ, ಎರಡು ಚಾನೆಲ್ ಒಂದೇ ವೇಗದಲ್ಲಿ ಜಾರುವುದಿಲ್ಲ. ಅಡುಗೆ ಮಾಡುವಾಗ ಒಂದು ಕೈಯಲ್ಲಿ ಸೌಟು ಹಿಡಿದು ಇನ್ನೊಂದು ಕೈಯಲ್ಲೇ ಅಲ್ಲವೇ ನಾವು ಡ್ರಾಯರ್ ಎಳೆಯುವುದು? ಹಾಗಾಗಿ 900ಕ್ಕೆ ಮಧ್ಯದಲ್ಲಿ ಉದ್ದನೆಯ ಹಿಡಿ ಇರಲಿ. ಮನೆಯಲ್ಲಿ ವಯಸ್ಸಾದ ಅಮ್ಮನೋ ಅತ್ತೆಯೋ ಅಡುಗೆ ಮಾಡುತ್ತಿದ್ದರೆ, ಮಣಿಕಟ್ಟು ನೋವಿದ್ದರೆ, ಅವರು ದಿನಾ ಎಳೆಯುವ ಸಾಲನ್ನು 600ಕ್ಕೆ ನಿಲ್ಲಿಸಿ. ಜಾಗದ ಲೆಕ್ಕದಲ್ಲಿ ಸ್ವಲ್ಪ ಸೋತರೂ ಅವರ ಕೈಯ ಲೆಕ್ಕದಲ್ಲಿ ಗೆದ್ದಿರಿ. ಬಾಗಿಲಿನ ಕಪಾಟಿನ ಮುಂದೆ ಮಂಡಿಯೂರಿ ಒಳಗೆ ತಡಕಾಡುವ ಕಷ್ಟ ತಪ್ಪಿಸುವುದಕ್ಕೇ ಅಲ್ಲವೇ ಡ್ರಾಯರ್ ಮಾಡಿಸುವುದು?

ನಿಲ್ಲಲು ಜಾಗ ಇದೆಯೇ?

ಡ್ರಾಯರ್ ಮುಚ್ಚಿದಾಗ ಎಲ್ಲ ಅಡುಗೆಮನೆಯೂ ಚೆಂದ. ತೆರೆದಾಗ ಏನಾಗುತ್ತದೆ ಎನ್ನುವುದು ಪ್ರಶ್ನೆ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ಊಟದ ಕೋಣೆ ಬೇರೆ ಇರುವ ಮನೆಯ ಅಡುಗೆಮನೆಗೆ ಕನಿಷ್ಠ 5 ಚದರ ಮೀಟರ್ ವಿಸ್ತೀರ್ಣ, 1.8 ಮೀಟರ್ ಅಗಲ ಇರಬೇಕೆನ್ನುತ್ತದೆ. ಆ ಕನಿಷ್ಠ ಅಗಲವನ್ನೇ ತೆಗೆದುಕೊಳ್ಳೋಣ. ಒಂದು ಬದಿ 600 ಮಿ.ಮೀ. ಕಟ್ಟೆ ಹೋದರೆ ಉಳಿದದ್ದು 1200. ಡ್ರಾಯರ್ 500 ಹೊರಗೆ ಬಂದರೆ ಉಳಿದದ್ದು 700. ಒಬ್ಬರು ಆರಾಮವಾಗಿ ಹಿಂದೆ ನಿಂತು ಬಗ್ಗಬಹುದು. ಇಲ್ಲಿ ಅಗಲದ ಡ್ರಾಯರ್ ನಡೆಯುತ್ತದೆ.

ಅದೇ ಅಡುಗೆಮನೆಯಲ್ಲಿ ಎದುರು ಬದುರು ಎರಡು ಕಟ್ಟೆ ಹಾಕಿಸಿದರೆ ನಡುವೆ ಉಳಿಯುವುದು 600 ಮಾತ್ರ. ಡ್ರಾಯರ್ ಎಳೆದರೆ ನಿಮಗೆ ಉಳಿಯುವುದು ಒಂದು ಗೇಣಿಗಿಂತ ಕಡಿಮೆ. ಎದುರು ನಿಲ್ಲಲಾಗದು, ಪಕ್ಕದಲ್ಲಿ ನಿಂತೇ ಎಳೆಯಬೇಕು. ಪಕ್ಕದಲ್ಲಿ ನಿಂತವರಿಗೆ 900ರ ಡ್ರಾಯರಿನ ಆಚೆ ತುದಿ ಸುಮಾರು ಮೂರಡಿ ದೂರ. ಕೈ ಎಟುಕುವುದಿಲ್ಲ, ಎಟುಕಿದರೂ ಸೊಂಟ ಹಿಡಿಯುತ್ತದೆ. ಇಂಥ ಇಕ್ಕಟ್ಟಿನ ಅಡುಗೆಮನೆಗೆ 400, 450ರ ಡ್ರಾಯರೇ ಸರಿ. ಇಲ್ಲವಾದರೆ ಎದುರಿನ ಕಟ್ಟೆಯನ್ನು ಒಂದಡಿ ಆಳದ ತೆಳು ಕಪಾಟಾಗಿ ಮಾಡಿಸಿ.

ಎಲ್ ಆಕಾರದ ಕಟ್ಟೆಯವರಿಗೆ ಒಂದು ಎಚ್ಚರಿಕೆ. ಮೂಲೆಗೆ ತಾಗಿಕೊಂಡು ಎರಡು ಕಡೆಯೂ ಡ್ರಾಯರ್ ಬಂದರೆ ಒಂದರ ಹಿಡಿ ಇನ್ನೊಂದರ ದಾರಿಗೆ ಅಡ್ಡ ಬರುತ್ತದೆ. ಮೂಲೆಯಲ್ಲಿ ಎರಡೂ ಕಡೆ ಎರಡೆರಡು ಇಂಚಿನ ಪಟ್ಟಿ ಕೊಟ್ಟು ಡ್ರಾಯರನ್ನು ದೂರ ಸರಿಸಬೇಕು. ಅಡುಗೆಮನೆಯ ಬಾಗಿಲು ಒಳಗೆ ತೆರೆಯುವುದಾದರೆ, ಫ್ರಿಜ್ಜಿನ ಬಾಗಿಲು ಎದುರಿಗಿದ್ದರೆ, ಅವನ್ನೂ ತೆರೆದು ನೋಡಿಕೊಳ್ಳಿ.

ಗ್ಯಾಸು ಮತ್ತು ಸಿಂಕಿನ ಪಾಲು

ಡ್ರಾಯರ್ ಹಂಚುವ ಮೊದಲು ಈ ಇಬ್ಬರಿಗೆ ಪಾಲು ಕೊಡಬೇಕು. ಸಿಂಕಿನ ಕೆಳಗೆ ಪೈಪು ಇರುವುದರಿಂದ ಅಲ್ಲಿ 600ರಷ್ಟು ಬಾಗಿಲಿನ ಕಪಾಟೇ ಸರಿ. ಮನೆಬಳಕೆಯ 14.2 ಕಿಲೋ ಸಿಲಿಂಡರ್ ಸುಮಾರು 32 ಸೆಂ.ಮೀ. ದಪ್ಪ ಇರುತ್ತದೆ. 450ರ ಕಪಾಟು ಕೊಟ್ಟರೆ ತೆಗೆದಿಡಲು ಸಲೀಸು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಆದ್ದರಿಂದ ಆ ಕಪಾಟಿನ ಬಾಗಿಲಿಗೆ ಕೆಳಭಾಗದಲ್ಲಿ ಗಾಳಿಕಿಂಡಿ ಬೇಕೇ ಬೇಕು. ಮುಂಬೈ, ದೆಹಲಿ, ಪುಣೆ, ಹೈದರಾಬಾದುಗಳಲ್ಲಿ ಬಹಳ ಮನೆಗೆ ಪೈಪಿನ ಗ್ಯಾಸ್ ಬಂದಿದೆ. ಅದು ಗಾಳಿಗಿಂತ ಹಗುರ, ಕಿಟಕಿಯ ಮೇಲ್ಭಾಗವೋ ಎಕ್ಸಾಸ್ಟ್ ಫ್ಯಾನೋ ಅದಕ್ಕೆ ದಾರಿ. ಸಿಲಿಂಡರಿನ ಜಾಗ ಉಳಿಯಿತೆಂದು ಖುಷಿಯಲ್ಲಿ ಗ್ಯಾಸ್ ಪೈಪಿನ ವಾಲ್ವನ್ನು ಡ್ರಾಯರಿನ ಹಿಂದೆ ಮುಚ್ಚಿಸಬೇಡಿ. ಅದು ಯಾವ ಹೊತ್ತಿಗೂ ಕೈಗೆ ಸಿಗಬೇಕು.

ಕಟ್ಟೆಯೊಳಗೆ ಇಳಿಸುವ ಹಾಬ್ ಒಲೆ ಹಾಕಿಸುವವರು ಅದರ ಕೆಳಗಿನ ಮೊದಲ ಡ್ರಾಯರನ್ನು ಒಲೆಯ ಆಳ ನೋಡಿಕೊಂಡು ತಗ್ಗಿಸಬೇಕು.

ಒಂದು ಗೋಡೆ, ಎರಡು ಬಗೆ

ಈಗ ಎಲ್ಲವನ್ನೂ ಸೇರಿಸಿ ಒಂದು ಉದಾಹರಣೆ ಮಾಡೋಣ. ಎಂಟಡಿ ಗೋಡೆ, ಅಂದರೆ 2438 ಮಿ.ಮೀ. ಎರಡು ತುದಿಗೆ 19 ಮಿ.ಮೀ. ಪಟ್ಟಿ ಬಿಟ್ಟರೆ 2400.

ಸಿಲಿಂಡರ್ ಇರುವ ಮನೆ: ಒಂದು ತುದಿಗೆ ಸಿಂಕ್ 600, ಪಕ್ಕದಲ್ಲಿ ಹೆಚ್ಚುವ ಜಾಗದ ಕೆಳಗೆ ಡ್ರಾಯರ್ ಸಾಲು 600, ಒಲೆಯ ಕೆಳಗೆ ಡ್ರಾಯರ್ ಸಾಲು 750, ಕೊನೆಗೆ ಸಿಲಿಂಡರ್ 450. ಒಟ್ಟು 2400. ತಟ್ಟೆ, ಲೋಟ, ಡಬ್ಬಿ 600ರಲ್ಲಿ. ಬಾಣಲೆ, ಕುಕ್ಕರ್, ಕಾವಲಿ 750ರಲ್ಲಿ, ಒಲೆಯಿಂದ ಕೈ ಅಳತೆಯಲ್ಲಿ.

ಪೈಪಿನ ಗ್ಯಾಸ್ ಮನೆ: ಸಿಂಕ್ 600 ಕಳೆದರೆ ಡ್ರಾಯರಿಗೆ 1800 ಉಳಿಯುತ್ತದೆ. ಇಲ್ಲಿ 900 ಮತ್ತು 900 ಮಾಡಿಸಬಹುದು, 600ರ ಮೂರು ಮಾಡಿಸಬಹುದು, ಅಥವಾ 900, 600, 300 ಮಾಡಿಸಬಹುದು. ಕೊನೆಯ ಎರಡರಲ್ಲೂ ಬಳಕೆಯ ಅಗಲ 1542, ಒಂದು ಮಿ.ಮೀ. ಹೆಚ್ಚು ಕಡಿಮೆ ಇಲ್ಲ. ಯಾಕೆಂದರೆ ನಷ್ಟ ನಿಂತಿರುವುದು ಎಷ್ಟು ಸಾಲು ಎನ್ನುವುದರ ಮೇಲೆ, ಯಾವುದು ಎಷ್ಟಗಲ ಎನ್ನುವುದರ ಮೇಲಲ್ಲ. ನನ್ನ ಆಯ್ಕೆ 900, 450, 450. ಇಲ್ಲೂ ಸಾಲು ಮೂರೇ, ಬಳಕೆಯ ಅಗಲ ಅದೇ 1542. ಒಲೆಯ ಕೆಳಗೆ ದೊಡ್ಡ ಪಾತ್ರೆಗೆ 900, ಒಂದು 450 ದವಸಕ್ಕೆ, ಇನ್ನೊಂದು 450 ತಟ್ಟೆ ಲೋಟಕ್ಕೆ. ನಾಲ್ಕು ಜನರ ಮನೆಗೆ ಇದು ಹೊಂದುತ್ತದೆ. ಹಬ್ಬಕ್ಕೆ ಹತ್ತು ಜನ ಸೇರುವ ಮನೆಯಾದರೆ ದವಸವನ್ನು ಬೇರೆ ಕಡೆಗೆ ಸಾಗಿಸಿ ಎರಡು 900 ಮಾಡಿಸಿ.

ಬಡಗಿಯ ಜೊತೆ ಮಾತು

ಕೊನೆಯದಾಗಿ ಭಾಷೆಯ ವಿಷಯ. ನಮಗೆ ಊರಿನ ಭಾಷೆ ಬಂದರೂ ಬಡಗಿಯ ಭಾಷೆ ಬೇರೆಯೇ. ಮುಂಬೈ, ದೆಹಲಿಯ ಕಾರ್ಪೆಂಟರ್ ಇಂಚು ಮತ್ತು 'ಸೂತ್' ಲೆಕ್ಕದಲ್ಲಿ ಮಾತಾಡುತ್ತಾನೆ. ಚೆನ್ನೈಯಲ್ಲಿ ಅದೇ 'ನೂಲ್'. ಎರಡೂ ಇಂಚಿನ ಎಂಟನೇ ಒಂದು ಭಾಗ. ಚಾನೆಲ್ಲಿನ ಅರ್ಧ ಇಂಚು ಎಂದರೆ ನಾಲ್ಕು ಸೂತ್. ಕಾರ್ಖಾನೆಯಿಂದ ಬರುವ ಮಾಡ್ಯುಲರ್ ಕ್ಯಾಬಿನೆಟ್ ಮಾತ್ರ ಮಿ.ಮೀ. ಲೆಕ್ಕ. ಎರಡನ್ನೂ ಬೆರೆಸಬೇಡಿ. 24 ಇಂಚು ಎಂದರೆ 600 ಅಲ್ಲ, 610. ನಾಲ್ಕು ಕ್ಯಾಬಿನೆಟ್ಟಿಗೆ 38 ಮಿ.ಮೀ. ವ್ಯತ್ಯಾಸ ಬಂತು. ಎಂಟಡಿ ಗೋಡೆಗೆ 24 ಇಂಚಿನ ನಾಲ್ಕು ಕಾಗದದ ಮೇಲೆ ಸರಿಯಾಗಿಯೇ ಕೂರುತ್ತವೆ, ಸೊಟ್ಟಗೋಡೆಯ ಮುಂದೆ ಕೂರುವುದಿಲ್ಲ.

ಕೆಲಸ ಶುರುವಾಗುವ ಮೊದಲು ಒಂದು ಕಾಗದದಲ್ಲಿ ಪ್ರತಿ ಸಾಲಿಗೂ ಮೂರು ಅಗಲವನ್ನೂ ಬರೆಸಿಕೊಳ್ಳಿ: ಹೊರಗೆ ಎಷ್ಟು, ಒಳಗೆ ಎಷ್ಟು, ಪಾತ್ರೆಗೆ ಎಷ್ಟು. ಪ್ಲೈವುಡ್ಡಿನ ದಪ್ಪ, ಚಾನೆಲ್ ಹೊರುವ ತೂಕ, ಡ್ರಾಯರಿನ ತಳದ ದಪ್ಪ ಇವೂ ಇರಲಿ. ಮುಂಬೈ, ಚೆನ್ನೈಯ ಸಮುದ್ರದ ಹವೆಗೆ ಐಎಸ್ 710 ಗುರುತಿನ ಪ್ಲೈವುಡ್ ಕೇಳುವುದು ಒಳ್ಳೆಯದು. "ಅದೆಲ್ಲ ನಾನು ನೋಡ್ಕೋತೀನಿ ಬಿಡಿ" ಎಂದರೆ ನಗುನಗುತ್ತಲೇ "ಬರೆದುಕೊಟ್ಟರೆ ನನಗೂ ನೆಮ್ಮದಿ" ಎನ್ನಿ.

ಪುಟ್ಟ ಅಡುಗೆಮನೆ ಅನ್ನುವುದು ನಮ್ಮ ಕಾಲದ, ನಮ್ಮ ಊರುಗಳ ಹೊಸ ತಾಪತ್ರಯವೇನಲ್ಲ. 1926ರಲ್ಲಿ ಮಾರ್ಗರೆಟ್ ಶ್ಯೂಟೆ-ಲಿಹೋಟ್ಸ್‌ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ಸಕ್ಕರೆ, ಅಕ್ಕಿಗೆಲ್ಲ ಹೆಸರು ಬರೆದ ಪುಟ್ಟ ಅಲ್ಯುಮಿನಿಯಂ ಡ್ರಾಯರುಗಳು. ಹಿಟ್ಟಿಗೆ ಮಾತ್ರ ಹುಳ ಹಿಡಿಯದಿರಲೆಂದು ಓಕ್ ಮರದ್ದು. ಅಂಥ ಸುಮಾರು 10,000 ಅಡುಗೆಮನೆಗಳು ಕಟ್ಟಲ್ಪಟ್ಟವು. ಅಡುಗೆ ಮಾಡುವವರ ಹೆಜ್ಜೆ ಎಣಿಸಿ, ಯಾವ ವಸ್ತು ಎಲ್ಲಿರಬೇಕು ಎಂದು ಮೊದಲು ಯೋಚಿಸಿ, ಆಮೇಲೆ ಮರ ಕತ್ತರಿಸಿದ್ದು ಅದರ ಗುಟ್ಟು.

ನಮಗೂ ಬೇಕಾದ್ದು ಅದೇ ಕ್ರಮ. ಮೊದಲು ಪಾತ್ರೆ, ಆಮೇಲೆ ಅಗಲ, ಕೊನೆಗೆ ಬಣ್ಣ. ಮತ್ತು ಟೇಪು ಹಿಡಿದು ಗೆರೆ ಎಳೆಯುವ ದಿನ, ಮನೆಯಲ್ಲಿ ಅಡುಗೆ ಮಾಡುವವರು ಯಾರೋ ಅವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಮತ್ತೆ ರೇಡಿಯೋದಲ್ಲಿ ಸಿಗೋಣ. ಅಲ್ಲಿ ಅಂಕಿಸಂಖ್ಯೆ ಇರುವುದಿಲ್ಲ, ಹಾಡುಗಳಿರುತ್ತವೆ!

— ನಿಮ್ಮ ಕನ್ನಡ ಕಾರ್ಯಕ್ರಮದ ಉದ್ಘೋಷಕಿ